ನೋವು ಬರೋ ತನಕ ಕಾಯಬೇಡಿ: ಮನೆಯಲ್ಲೇ ಹಲ್ಲು, ವಸಡು ನೋಡಿಕೊಳ್ಳುವ ಬಗೆ

(ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ, ಮಕ್ಕಳ ತಂದೆ ತಾಯಂದಿರು ಮತ್ತು ಸ್ವಸಹಾಯ ಸಂಘದ ಮಹಿಳೆಯರ ಮುಂದೆ ದಂತವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ.)

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಬರೋದು ರಾತ್ರಿ ನಿದ್ದೆ ಕೆಟ್ಟ ಮೇಲೆ. ಕೆನ್ನೆ ಊದಿರುತ್ತದೆ, ಒಂದು ಕೈ ದವಡೆ ಮೇಲಿರುತ್ತದೆ. ಯಾವಾಗಿಂದ ನೋವು ಅಂತ ಕೇಳಿದರೆ "ನಿನ್ನೆ ರಾತ್ರಿಯಿಂದ ರೀ" ಅಂತಾರೆ. ಬಾಯಿ ತೆರೆಸಿ ನೋಡಿದರೆ ಆ ಹಲ್ಲು ಕೊಳೆಯೋಕೆ ಶುರುವಾಗಿ ವರ್ಷಗಳೇ ಆಗಿರುತ್ತವೆ.

ಅಷ್ಟು ದಿನ ನೋವೇಕೆ ಬರಲಿಲ್ಲ? ಹಲ್ಲಿನ ಹೊರಗಿನ ಪದರಕ್ಕೆ ಎನಾಮೆಲ್ ಅಂತೀವಿ. ನಮ್ಮ ಮೈಯಲ್ಲೇ ಅತಿ ಗಟ್ಟಿ ಪದಾರ್ಥ ಅದು, ಮೂಳೆಗಿಂತ ಗಟ್ಟಿ. ಅದರಲ್ಲಿ ನರವೇ ಇಲ್ಲ. ಹುಳುಕು ಅಲ್ಲಿ ಎಷ್ಟು ಕೊರೆದರೂ ನಿಮಗೆ ಗೊತ್ತಾಗೋದಿಲ್ಲ. ಅದನ್ನು ದಾಟಿ ಒಳಪದರಕ್ಕೆ ಬಂದಾಗ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಇನ್ನೂ ಒಳಗೆ, ನರ ಇರುವ ಜಾಗ ಮುಟ್ಟಿದಾಗ ರಾತ್ರಿ ಎದ್ದು ಕೂರೋ ನೋವು. ಆಮೇಲೆ ಒಂದು ದಿನ ನೋವು ಪೂರ್ತಿ ನಿಂತು ಹೋಗುತ್ತದೆ! ಲವಂಗದ ಎಣ್ಣೆ ಹಚ್ಚಿದೆ, ವಾಸಿಯಾಯ್ತು ಅಂತ ಖುಷಿಪಡ್ತಾರೆ. ವಾಸಿಯಾಗಿಲ್ಲ, ನರ ಸತ್ತಿದೆ. ಕೀವು ಈಗ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಿದೆ. ಲವಂಗದ ಎಣ್ಣೆಗೆ ಮರಗಟ್ಟಿಸುವ ಗುಣ ಇದೆ, ಅದು ನಿಜ. ಡಾಕ್ಟರ ಹತ್ತಿರ ಹೋಗೋ ತನಕ ತಡೆದುಕೊಳ್ಳೋಕೆ ಅಷ್ಟು ಸಾಕು. ಕೆಲವರು ನೋಯುವ ಹಲ್ಲಿನ ತೂತಿಗೆ ತಂಬಾಕು ತುಂಬುತ್ತಾರೆ. ಹಲ್ಲು ನೋವಿಗೆ ಅಂತ ಶುರು ಮಾಡಿ ಆಮೇಲೆ ತಂಬಾಕು ಬಿಡೋಕೆ ಆಗದವರನ್ನು ನೀವೇ ನೋಡಿರ್ತೀರಿ.

ಇನ್ನು ಸಂತೆ, ಜಾತ್ರೆಗಳಲ್ಲಿ ಬಾಯಿಗೆ ಹೊಗೆ ಕೊಟ್ಟು "ಹುಳ" ತೆಗೆದು ತೋರಿಸುವವರು ಇದ್ದಾರೆ. ಹಲ್ಲಿನೊಳಗೆ ಅಂಥ ಹುಳ ಇಲ್ಲ. ಇರೋದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನೀವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತು ಅದಕ್ಕೂ ಊಟ. ಉಂಡು ಆಮ್ಲ ಬಿಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ತಟ್ಟೆಗೆ ಬಿದ್ದು ತೋರುವುದು ಬಹಳ ಸಲ ಕಾಯಿಪಲ್ಲೆಯ ಬೀಜದ ಚೂರು.

ಹಾಗಾಗಿ ಇವತ್ತು ನಾನು ಹೇಳೋದು ನೋವು ಶುರುವಾಗುವುದಕ್ಕೂ ಮುಂಚೆ ಕಣ್ಣಿಗೆ ಕಾಣುವ ಗುರುತುಗಳ ಬಗ್ಗೆ. ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಯಾವುದೋ ಒಂದು ದಿನ ಗೊತ್ತು ಮಾಡಿಕೊಳ್ಳಿ. ಅಮಾವಾಸ್ಯೆಗೆ ಮನೆ ತೊಳೀತೀರಲ್ಲ, ಅವತ್ತೇ ಇಟ್ಟುಕೊಂಡರೂ ನಡೆಯುತ್ತದೆ, ಮರೆಯೋದಿಲ್ಲ.

ಮೊದಲು ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ. ಅನ್ನದ ಅಗುಳು ಅಂಟಿಕೊಂಡಿರುವ ಹಲ್ಲಲ್ಲಿ ಏನೂ ಕಾಣೋದಿಲ್ಲ. ಕೈ ಸೋಪಲ್ಲಿ ತೊಳೆದುಕೊಳ್ಳಿ. ಬೆಳಕು ಬರುವ ಬಾಗಿಲ ಹತ್ತಿರ ನಿಲ್ಲಿ, ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಹಾಕಿ. ಒಂದು ಕೈಕನ್ನಡಿ, ಒಂದು ಸ್ಟೀಲ್ ಚಮಚ, ಒಂದು ಚೂರು ಒಣಗಿದ ಬಿಳಿ ಹತ್ತಿ ಬಟ್ಟೆ. ಇಷ್ಟೇ ಸಾಮಾನು. ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಗೆ ಎಳೆದು ಹಿಡಿದರೆ ದವಡೆ ಹಲ್ಲು ಕಾಣುತ್ತವೆ. ಮೇಲಿನ ಹಲ್ಲಿನ ಅಗಿಯುವ ಭಾಗ ನೋಡೋಕೆ ತಲೆ ಹಿಂದಕ್ಕೆ ವಾಲಿಸಬೇಕು. ಗಂಡ ಹೆಂಡತಿ ಒಬ್ಬರದನ್ನೊಬ್ಬರು ನೋಡಿದರೆ ಇನ್ನೂ ಸಲೀಸು. ನಗಬೇಡಿ, ನಿಜವಾಗ್ಲೂ ಹೇಳ್ತಿದ್ದೇನೆ.

ಬಟ್ಟೆ ಯಾಕೆ ಅಂದರೆ, ಹುಳುಕಿನ ಮೊದಲನೇ ಗುರುತು ಕಪ್ಪು ಚುಕ್ಕೆಯಲ್ಲ, ಬಿಳಿ ಚುಕ್ಕೆ. ಹೊಳಪಿಲ್ಲದ, ಸುಣ್ಣ ಬಳಿದಂಥ ಬಿಳಿ. ಹಲ್ಲು ವಸಡಿಗೆ ಸೇರುವ ಅಂಚಿನಲ್ಲಿ ಜಾಸ್ತಿ. ಹಲ್ಲು ಒದ್ದೆ ಇದ್ದಾಗ ಅದು ಕಾಣೋದೇ ಇಲ್ಲ. ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಾಯಿ ತೆರೆದೇ ಇಡಿ, ಆಗ ಎದ್ದು ಕಾಣುತ್ತದೆ. ಈ ಹಂತದಲ್ಲಿ ಇನ್ನೂ ತೂತು ಬಿದ್ದಿಲ್ಲ. ಇಲ್ಲೇ ಹಿಡಿದರೆ ಡ್ರಿಲ್ ಬೇಡ, ಸೂಜಿ ಬೇಡ. ಫ್ಲೋರೈಡ್ ಇರುವ ಪೇಸ್ಟಲ್ಲಿ ಚೆನ್ನಾಗಿ ಉಜ್ಜಿ, ಸಿಹಿ ಕಮ್ಮಿ ಮಾಡಿ, ಡಾಕ್ಟರ ಹತ್ತಿರ ಫ್ಲೋರೈಡ್ ವಾರ್ನಿಶ್ ಅನ್ನೋ ಲೇಪ ಹಚ್ಚಿಸಿಕೊಂಡರೆ ಅದು ಮತ್ತೆ ಗಟ್ಟಿಯಾಗಬಹುದು. ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚೋದಿಲ್ಲ.

ಈಗ ನೀವು ಕೇಳ್ತೀರಿ, "ನಮ್ಮ ಕಡೆ ಎಲ್ಲರ ಹಲ್ಲಲ್ಲೂ ಬಿಳಿ ಚುಕ್ಕೆ, ಕಂದು ಗೆರೆ ಇರ್ತಾವಲ್ಲ ಸರ್, ಎಲ್ಲಾ ಹುಳುಕಾ?" ಒಳ್ಳೆ ಪ್ರಶ್ನೆ. ಬೆಂಗಳೂರಲ್ಲಿ ಈ ಭಾಷಣ ಮಾಡಿದ್ದರೆ ಇದನ್ನು ಒಂದು ಮಾತಲ್ಲಿ ಮುಗಿಸುತ್ತಿದ್ದೆ. ಇಲ್ಲಿ ಹಾಗಾಗೋದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ರಾಯಚೂರು, ಬಳ್ಳಾರಿ ಜಿಲ್ಲೆಯ ಹಳ್ಳಿಗಳಲ್ಲೂ ಇದೆ ಈ ಗೋಳು. ಬಂಡೆಯೊಳಗಿನ ಖನಿಜದಿಂದ ಅದು ನೀರಿಗೆ ಕರಗಿ ಬರುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದರೆ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಎನಾಮೆಲ್ ಕೆಡುತ್ತದೆ. ಅದಕ್ಕೇ ಹಲ್ಲಿನ ಫ್ಲೋರೋಸಿಸ್ ಅನ್ನೋದು.

ಎರಡರ ವ್ಯತ್ಯಾಸ ಹೀಗೆ ಗುರುತಿಸಿ. ಫ್ಲೋರೋಸಿಸ್ ಕಲೆ ಜೋಡಿಯಾಗಿ ಬರುತ್ತದೆ. ಎಡಗಡೆಯ ಮುಂದಿನ ಹಲ್ಲಲ್ಲಿ ಅಡ್ಡ ಗೆರೆ ಇದ್ದರೆ ಬಲಗಡೆಯದರಲ್ಲೂ ಹೆಚ್ಚುಕಮ್ಮಿ ಅದೇ ಎತ್ತರಕ್ಕೆ ಇರುತ್ತದೆ. ಹಲವು ಹಲ್ಲಲ್ಲಿ ಒಟ್ಟಿಗೆ ಕಾಣುತ್ತದೆ. ಅಂಚು ಮಸುಕು. ಹಲ್ಲು ಬಾಯಿಗೆ ಬಂದಾಗಿನಿಂದ ಇದೆ, ಹೋದ ತಿಂಗಳಿಗೂ ಈ ತಿಂಗಳಿಗೂ ದೊಡ್ಡದಾಗೋದಿಲ್ಲ. ಹುಳುಕು ಹಾಗಲ್ಲ. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಬೇಕೆಂದಿಲ್ಲ. ವಸಡಿನ ಅಂಚಲ್ಲೋ, ದವಡೆ ಹಲ್ಲಿನ ಗೀರಿನಲ್ಲೋ, ಎರಡು ಹಲ್ಲಿನ ಸಂದಿಯಲ್ಲೋ ಕೂತಿರುತ್ತದೆ. ನಾಲಿಗೆ ಆಡಿಸಿದರೆ ಒರಟು. ತಿಂಗಳು ತಿಂಗಳಿಗೂ ಬೆಳೆಯುತ್ತದೆ. ಅದಕ್ಕೇ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಸಲ ಹೋಲಿಸಿ ನೋಡೋಕೆ. ಫ್ಲೋರೋಸಿಸ್ ತುಂಬಾ ಜಾಸ್ತಿಯಾದ ಹಲ್ಲು ಗುಳಿ ಬೀಳುತ್ತದೆ, ಚೂರು ಉದುರುತ್ತದೆ. ಅಂಥದ್ದು ಮಾತ್ರ ಮನೆಯಲ್ಲಿ ಗೊತ್ತಾಗೋದಿಲ್ಲ, ಡಾಕ್ಟರೇ ನೋಡಬೇಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಕಾಲೇಜಿಗೆ ಹೋಗುವ ಹುಡುಗಿಯರು ನನ್ನ ಹತ್ತಿರ ಬಂದು ಬಾಯಿಗೆ ವೇಲ್ ಅಡ್ಡ ಹಿಡಿದೇ ಮಾತಾಡ್ತಾರೆ. ಹಲ್ಲು ಹಳದಿ ಅಂತ ಹೆಣ್ಣು ನೋಡೋಕೆ ಬಂದವರು ಬೇಡ ಅಂದು ಹೋದ ಕಥೆ ಕೇಳಿದ್ದೇನೆ. ಆ ಕಲೆ ಹೋಗಲಿ ಅಂತ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ಬೂದಿ ಹಾಕಿ ಗಸಗಸ ತಿಕ್ಕುತ್ತಾರೆ. ಅದು ಮೇಲೆ ಅಂಟಿದ ಕೊಳೆ ಅಲ್ಲ, ತಿಕ್ಕಿದರೆ ಹೋಗೋಕೆ. ಇರುವ ಎನಾಮೆಲ್ಲೂ ಸವೆದು ಹಲ್ಲು ಇನ್ನೂ ಹಳದಿ ಕಾಣುತ್ತದೆ. ಬಣ್ಣ ತಿಳಿ ಮಾಡುವ ಚಿಕಿತ್ಸೆ ಇದೆ, ಡಾಕ್ಟರು ಮಾಡಬೇಕು. ಹಲ್ಲಿನ ಬಣ್ಣ ನೋಡಿ ಹೆಣ್ಣು ಬೇಡ ಅನ್ನುವವರ ಮನೆಗೆ ಹೋಗದಿದ್ದರೇ ಒಳ್ಳೆಯದಾಯ್ತು ಅನ್ನೋದು ನನ್ನ ಲೆಕ್ಕ, ಅದು ಬೇರೆ ವಿಷಯ ಬಿಡಿ.

ನೀರಿನ ಬಗ್ಗೆ ಇನ್ನೊಂದಿಷ್ಟು. ಕಾಯಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುವುದರಿಂದ ಉಳಿದ ನೀರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀರಿ, ಒಳ್ಳೆಯದು. ಆದರೆ ಕುಡಿಯೋಕೆ ಮಾತ್ರ ಆ ನೀರು, ಅನ್ನ, ಬೇಳೆ, ಚಹಾಕ್ಕೆ ಬೋರ್ ನೀರು. ಅಡುಗೆಯ ನೀರೂ ಹೊಟ್ಟೆಗೇ ಹೋಗೋದು ಅಲ್ವಾ? ಮನೆಯಲ್ಲಿ ಎಂಟು ವರ್ಷದ ಒಳಗಿನ ಮಕ್ಕಳಿದ್ದರೆ ಅಡುಗೆಗೂ ಘಟಕದ ನೀರನ್ನೇ ಬಳಸಿ. ಮುಂದಿನ ಹಲ್ಲುಗಳ ಎನಾಮೆಲ್ ಆ ವಯಸ್ಸಿನೊಳಗೇ ತಯಾರಾಗಿ ಮುಗಿಯುತ್ತದೆ. ದೊಡ್ಡವರಿಗೆ ಹೊಸದಾಗಿ ಕಲೆ ಬರೋದಿಲ್ಲ. ಹಾಗಂತ ದೊಡ್ಡವರು ಕುಡಿಯಬಹುದು ಅಂತಲ್ಲ, ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿಯುತ್ತದೆ. ಸೊಂಟ ಬಾಗಿ ನಡೆಯುವ ಹಿರಿಯರನ್ನು ಈ ಸೀಮೆಯಲ್ಲಿ ನೋಡಿಯೇ ಇರುತ್ತೀರಿ.

ಹಾಗಾದರೆ ಫ್ಲೋರೈಡ್ ಪೇಸ್ಟ್ ಬೇಡವೇ ಅಂತ ಒಬ್ಬರು ಆಗಲೇ ಕೇಳಿದರು. ಪೇಸ್ಟ್ ಹಲ್ಲಿನ ಮೇಲೆ ಕೆಲಸ ಮಾಡಿ ಹೊರಗೆ ಉಗುಳಿ ಹೋಗುವಂಥದ್ದು. ತೊಂದರೆ ಇರೋದು ನುಂಗಿದರೆ. ಮೂರು ವರ್ಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು. ಉಗುಳೋಕೆ ಕಲಿಸಿ, ಪಕ್ಕದಲ್ಲಿ ನಿಂತು ಉಜ್ಜಿಸಿ. ಟಿವಿ ಜಾಹೀರಾತಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕ್ತಾರಲ್ಲ, ಅದು ಪೇಸ್ಟ್ ಮಾರೋರ ಅಳತೆ.

ಮಕ್ಕಳ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೇನೆ. ಇಲ್ಲಿ ಕೂತ ತಾಯಂದಿರು ಇವತ್ತು ಬೇರೆಲ್ಲ ಮರೆತರೂ ಇದೊಂದು ನೆನಪಿಡಿ. ಹಾಲು ಹಲ್ಲು ಒಟ್ಟು 20. ನಡುವಿನಿಂದ ಒಂದು ಕಡೆಗೆ ಎಣಿಸಿದರೆ ಐದೈದು. ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ ಈ ಐದರ ಹಿಂದೆ ಆರನೆಯದೊಂದು ಬರುತ್ತದೆ. ಯಾವ ಹಲ್ಲೂ ಬಿದ್ದಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ಗಮನಿಸೋದಿಲ್ಲ. ಅದು ಹಾಲು ಹಲ್ಲಲ್ಲ. ಸಾಯೋ ತನಕ ಇರಬೇಕಾದ ಹಲ್ಲು, ಅಗಿಯೋಕೆ ಅದೇ ಮುಖ್ಯ. ಅದರ ಮೇಲಿನ ಗೀರುಗಳು ಆಳ, ಬಿಸ್ಕತ್ತು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಪ್ಪಾದಾಗ ತಾಯಿ ಹೇಳೋದು "ಬೀಳೋ ಹಲ್ಲು ಐತಲ್ರೀ, ಇರ್ಲಿ ಬಿಡ್ರಿ." ಎಂಟನೇ ವಯಸ್ಸಿಗೆ ಅದನ್ನು ಕೀಳಬೇಕಾಗಿ ಬಂದಾಗ ನನಗೆ ಬಹಳ ಸಂಕಟ ಆಗುತ್ತದೆ. ಇವತ್ತು ಮನೆಗೆ ಹೋಗಿ ಎಣಿಸಿ. ನಡುವಿನಿಂದ ಆರನೆಯದು ಇದ್ದರೆ ಅದು ಕಾಯಂ ಹಲ್ಲು. ಗೀರುಗಳನ್ನು ಮುಚ್ಚುವ ಸೀಲಂಟ್ ಅಂತ ಒಂದು ಲೇಪ ಇದೆ, ಹಲ್ಲು ಬಂದ ಹೊಸತರಲ್ಲೇ ಹಾಕಿಸಿದರೆ ಬಹಳ ಕಾಪಾಡುತ್ತದೆ.

ಪುಟ್ಟ ಮಕ್ಕಳಿಗೆ ಮೇಲಿನ ತುಟಿ ಎತ್ತಿ ನೋಡಿ. ಬಾಟಲಿ ಹಾಲು ಚೀಪುತ್ತಾ ಮಲಗುವ ಮಗುವಿಗೆ ಮುಂದಿನ ಮೇಲಿನ ಹಲ್ಲುಗಳ ಬುಡದಲ್ಲೇ ಬಿಳಿ ಗೆರೆ ಶುರುವಾಗೋದು. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಕಂಡರೆ ಬಿಡಬೇಡಿ. ಅದು ಒಡೆದಾಗ ಮಗು ಅಳು ನಿಲ್ಲಿಸುತ್ತದೆ, ಆದರೆ ಒಳಗೆ ಕೀವು ಹಾಗೇ ಇರುತ್ತದೆ.

ಇನ್ನು ವಸಡು. ಇದರಲ್ಲಿ ನಮ್ಮವರದು ವಿಚಿತ್ರ. ಕೈಯಲ್ಲಿ ರಕ್ತ ಬಂದರೆ ಓಡಿ ಬರ್ತಾರೆ, ಬ್ರಷ್ ಮಾಡುವಾಗ ದಿನಾ ರಕ್ತ ಬಂದರೆ "ಅದು ಇರೋದೇ ರೀ" ಅಂತಾರೆ. ಗಟ್ಟಿ ವಸಡಿಂದ ಬ್ರಷ್ ಮಾಡುವಾಗ ರಕ್ತ ಬರೋದಿಲ್ಲ. ನಿಮ್ಮ ಉಗುಳಲ್ಲಿ ಕೆಂಪು ಕಂಡರೆ ಅದು ಊತದ ಗುರುತು. ಆಗ ಉಜ್ಜುವುದನ್ನು ನಿಲ್ಲಿಸಬೇಡಿ. ಮೆತ್ತನೆ ಬ್ರಷ್ಷಲ್ಲಿ ಆ ಜಾಗವನ್ನೇ ಇನ್ನೂ ಜೋಪಾನವಾಗಿ ಉಜ್ಜಿ. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಿ. ಬೀಡಿ ಸಿಗರೇಟು ಸೇದುವವರು ಮಾತ್ರ ರಕ್ತ ಬರ್ತಿಲ್ಲ ಅಂತ ಸಮಾಧಾನ ಪಡಬೇಡಿ. ಹೊಗೆಯಿಂದ ವಸಡಿನ ರಕ್ತನಾಳ ಬಿಗಿದುಕೊಂಡು, ರೋಗ ಇದ್ದರೂ ರಕ್ತ ಕಾಣೋದಿಲ್ಲ.

ವಸಡಿನ ಬಣ್ಣ ಗುಲಾಬಿಯೇ ಇರಬೇಕು ಅಂತಿಲ್ಲ. ನಮ್ಮಲ್ಲಿ ಬಹಳ ಜನರಿಗೆ ಕಂದು, ಕಪ್ಪು ಛಾಯೆ ಹುಟ್ಟಿನಿಂದಲೇ ಇರುತ್ತದೆ. ನೋಡಬೇಕಾದ್ದು ಅಂಚನ್ನು. ಹಲ್ಲಿಗೆ ಬಿಗಿಯಾಗಿ ಅಪ್ಪಿಕೊಂಡಿದೆಯಾ, ಊದಿ ದುಂಡಗಾಗಿ ಹೊಳೀತಾ ಇದೆಯಾ? ಬೆರಳಿಂದ ಒತ್ತಿದರೆ ಸಂದಿಯಿಂದ ಬೆಳ್ಳಗೆ ಏನಾದರೂ ಬರುತ್ತದಾ? ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದ್ದರೆ ವಸಡು ಬೇರಿನ ಕಡೆಗೆ ಸರಿದಿದೆ ಅಂತ ಅರ್ಥ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಆಡಿಸಿ. ಗಾರೆ ಮೆತ್ತಿದ ಹಾಗೆ ಗಟ್ಟಿಯಾಗಿ, ಒರಟಾಗಿ ಸಿಕ್ಕರೆ ಅದು ಕಿಟ್ಟ ಕಟ್ಟಿದ್ದು. ಜೊಲ್ಲಿನ ಗ್ರಂಥಿ ಅಲ್ಲೇ ಬಾಯಿಗೆ ತೆರೆದುಕೊಳ್ಳುತ್ತದೆ, ಜೊಲ್ಲಿನ ಸುಣ್ಣದಂಶದಿಂದ ಹಲ್ಲಿನ ಮೇಲಿನ ಪಾಚಿ ಗಟ್ಟಿಯಾಗುತ್ತದೆ. ಬ್ರಷ್ಷಿಗೆ ಅದು ಬಗ್ಗೋದಿಲ್ಲ. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಶುಗರ್ ಇರುವವರು ವಸಡನ್ನು ಬೇರೆಯವರಿಗಿಂತ ಹೆಚ್ಚು ನೋಡಿಕೊಳ್ಳಬೇಕು. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡಿನ ರೋಗ ಇದ್ದರೆ ಶುಗರ್ ಹತೋಟಿಗೆ ಬರೋದು ಕಷ್ಟ. ಬಸುರಿಯರಿಗೂ ವಸಡು ಊದುತ್ತದೆ. ಬಸುರಿ ಇದ್ದಾಗ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಅನ್ನೋದು ಸುಳ್ಳು. ನಾಲ್ಕರಿಂದ ಆರು ತಿಂಗಳ ನಡುವೆ ಆರಾಮಾಗಿ ತೋರಿಸಬಹುದು.

ಈಗ ಗಂಡಸರು ಸ್ವಲ್ಪ ಕಿವಿಗೊಡಿ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತು. ಆಗಿ ಏನು? ಪಾನ್ ಮಸಾಲೆ ಒಂದು ಚೀಟು, ತಂಬಾಕು ಒಂದು ಚೀಟು, ಎರಡನ್ನೂ ಅಂಗೈಲಿ ಕಲಸಿ ಬಾಯಿಗೆ. ಕೆಲವರು ಹೇಳ್ತಾರೆ, "ನಾನು ತಂಬಾಕು ಮುಟ್ಟಲ್ಲ, ಬರೀ ಅಡಿಕೆ." ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಬಾಯಿ ಬಿಗಿದುಕೊಳ್ಳುವ ರೋಗಕ್ಕಂತೂ ಅಡಿಕೆಯೇ ಮುಖ್ಯ ಕಾರಣ.

ಆ ರೋಗದ ಮೊದಲ ಗುರುತು ನಮ್ಮ ಊಟದಲ್ಲೇ ಸಿಗುತ್ತದೆ. ರೊಟ್ಟಿಗೆ ಕೆಂಪು ಖಾರ ಹಚ್ಚಿ ತಿನ್ನುತ್ತಿದ್ದವನು, ಮಿರ್ಚಿ ಭಜಿ ನಾಲ್ಕು ಸಲೀಸಾಗಿ ಇಳಿಸುತ್ತಿದ್ದವನು, ಈಗ "ಖಾರ ಆಗ್ತಿಲ್ಲ, ಬಾಯಿ ಉರೀತದ" ಅಂತ ಮೊಸರನ್ನ ಕೇಳುತ್ತಾನೆ. ಹೆಂಡತಿಗೆ ಇದು ಡಾಕ್ಟರಿಗಿಂತ ಮೊದಲು ಗೊತ್ತಾಗುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಸಿಳ್ಳೆ ಹಾಕೋಕೆ, ಕೆನ್ನೆ ಉಬ್ಬಿಸೋಕೆ ಆಗೋದಿಲ್ಲ. ಪರೀಕ್ಷೆ ಸುಲಭ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಸೇರಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ನಿಮ್ಮವೇ ಬೆರಳು, ನಿಮ್ಮದೇ ಬಾಯಿ. ಈಗಲೇ ಮಾಡಿ, ನಾನು ಕಾಯ್ತೇನೆ. ಮೂರೂ ಹೋದವೇ? ಎರಡೇ ಹೋದವರು ಮಾತು ಮುಗಿದ ಮೇಲೆ ನನ್ನನ್ನು ನೋಡಿ, ಎಲ್ಲರ ಮುಂದೆ ಹೇಳಬೇಕಿಲ್ಲ. ಬಿಗಿದುಕೊಂಡಿರುವ ಬಾಯಿ ಪೂರ್ತಿ ಮೊದಲಿನಂತೆ ಆಗೋದು ಕಷ್ಟ, ಆದರೆ ಅಡಿಕೆ ಬಿಟ್ಟರೆ ಇನ್ನಷ್ಟು ಬಿಗಿಯುವುದಕ್ಕೆ ತಡೆ ಬೀಳಬಹುದು.

ಹೆಂಗಸರಲ್ಲೂ ಎಲೆ ಅಡಿಕೆ ತಂಬಾಕು ಹಾಕುವವರು, ನಶ್ಯದಲ್ಲಿ ಹಲ್ಲುಜ್ಜುವವರು ಇದ್ದೀರಿ. ನೀವು ಅದನ್ನು ಒತ್ತರಿಸಿ ಇಡುವ ಜಾಗ ಯಾವುದು ಅಂತ ನಿಮಗೇ ಗೊತ್ತು. ಅಲ್ಲಿ ತುಟಿ, ಕೆನ್ನೆ ಎಳೆದು ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ಪಕ್ಕಗಳನ್ನು ನೋಡಿ, ಆಮೇಲೆ ಎತ್ತಿ ಅಡಿಭಾಗ ನೋಡಿ. ಇಂಥ ಹುಣ್ಣು ಬಹಳ ಸಲ ನೋಯೋದೇ ಇಲ್ಲ.

ಹೀಗೆ ಮೊದಲ ಸಲ ನೋಡಿದವರು ಮಾರನೇ ದಿನವೇ ಹೆದರಿ ಫೋನ್ ಮಾಡ್ತಾರೆ. ನಾಲಿಗೆಯ ತೀರಾ ಹಿಂದೆ ಸಾಲಾಗಿ ಇರುವ ಗುಬುಟುಗಳು ಎಲ್ಲರಿಗೂ ಇರುತ್ತವೆ. ಹಲ್ಲು ಕೂಡುವ ಮಟ್ಟದಲ್ಲಿ ಕೆನ್ನೆಯೊಳಗೆ ತೆಳು ಬಿಳಿ ಗೆರೆ, ತುಟಿಯೊಳಗೆ ಸಣ್ಣ ಹಳದಿ ಚುಕ್ಕೆಗಳು, ಅಂಗುಳಿನ ನಟ್ಟನಡುವೆ ಗಟ್ಟಿ ಉಬ್ಬು, ಇವೂ ತೊಂದರೆಯಲ್ಲ. ಅನುಮಾನ ಬಂದರೆ ಇನ್ನೊಂದು ಪಕ್ಕ ನೋಡಿ. ಎರಡೂ ಕಡೆ ಒಂದೇ ಥರ ಇದ್ದರೆ ಬಹುತೇಕ ಸಹಜವೇ. ಒಂದೇ ಕಡೆ ಹೊಸದಾಗಿ ಬಂದದ್ದನ್ನು ತೋರಿಸಿ.

ಕನ್ನಡಿಗೆ ಸಿಗದ್ದೂ ಇದೆ. ಎರಡು ಹಲ್ಲಿನ ಸಂದಿಯೊಳಗಿನ ಹುಳುಕು ಬಹಳ ಸಲ ಎಕ್ಸ್‌ರೇಗೆ ಮಾತ್ರ ಗೊತ್ತಾಗೋದು. ಮೆಡಿಕಲ್ ಶಾಪಲ್ಲಿ ಸಿಗುವ ಹಲ್ಲಿನ ದಾರ, ಫ್ಲಾಸ್, ಪ್ರತಿ ಸಲವೂ ಒಂದೇ ಸಂದಿಯಲ್ಲಿ ಹರೀತಿದ್ದರೆ, ಅಥವಾ ಊಟ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ಆ ಜಾಗ ಡಾಕ್ಟರಿಗೆ ಬೆರಳಿಟ್ಟು ತೋರಿಸಿ. ಹಾಗಾಗಿ ಮನೆಯಲ್ಲಿ ನೋಡಿಕೊಂಡರೂ ವರ್ಷಕ್ಕೊಮ್ಮೆ ತಪಾಸಣೆ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಿ. ದೊಡ್ಡ ಚಿಕಿತ್ಸೆ ಬೇಕಾದರೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಮೊಬೈಲಲ್ಲಿ ತೆಗೆದ ಫೋಟೋ ತೋರಿಸಿ, ಯಾವ ತಿಂಗಳು ಮೊದಲು ಕಂಡಿತು ಅಂತ ಹೇಳಿ. ನಮಗೆ ಅದರಿಂದ ಬಹಳ ಅನುಕೂಲ.

ಹಿಂದಿನ ಸಾಲಿನ ಅಜ್ಜಿ ಕೇಳ್ತಿದ್ದಾರೆ, "ಕ್ಲೀನ್ ಮಾಡಿಸಿದ್ರ ಹಲ್ಲು ಸಡಿಲ ಆಗ್ತಾವಂತಲ್ರೀ?" ಇಲ್ಲಮ್ಮ. ಒಳಗೆ ಮೂಳೆ ಆಗಲೇ ಕರಗಿ ಹಲ್ಲು ಸಡಿಲವಾಗಿತ್ತು, ಕಟ್ಟಿದ ಕಿಟ್ಟ ಹಿಡಿದುಕೊಂಡಿದ್ದರಿಂದ ಗೊತ್ತಾಗಿರಲಿಲ್ಲ. ತೆಗೆದ ಮೇಲೆ ಸಂದಿ ಕಾಣುತ್ತದೆ, ಸ್ವಲ್ಪ ದಿನ ಜುಮ್ ಅನ್ನುತ್ತದೆ, ವಸಡು ಇಳಿದು ಬಿಗಿಯಾಗುತ್ತಾ ಹೋಗುತ್ತದೆ. ಇನ್ನೂ ಪ್ರಶ್ನೆ ಇದ್ದವರು ಆ ಕಿಟಕಿಯ ಬೆಳಕಿಗೆ ಬನ್ನಿ. ಮೊದಲು ಆರು ವರ್ಷದ ಮಕ್ಕಳು, ಆಮೇಲೆ ಮೂರು ಬೆರಳು ಹೋಗದವರು.